ಶೋಕೇಸಿಗೆಂದು ಕಟ್ಟಿದ ಎಂಜಿನ್

ಡಬ್ಬದ ಮೇಲಿನ ಚಿತ್ರ ನೋಡಿ ನಾನು ಮೋಸ ಹೋದೆ. ಹಿಮ ಬಿದ್ದ ಬಯಲಿನಲ್ಲಿ ಹೊಗೆ ಬಿಡುತ್ತ ಬರುತ್ತಿರುವ ಕಪ್ಪನೆಯ ಉಗಿ ಎಂಜಿನ್. ಒಳಗೆ ಅಂಥದೇ ಒಂದು ಪುಟ್ಟ ಎಂಜಿನ್ ಕೂತಿರುತ್ತದೆ, ತೆಗೆದು ಒರೆಸಿ ಶೋಕೇಸಿನಲ್ಲಿಟ್ಟರೆ ಮುಗಿಯಿತು ಎಂದುಕೊಂಡು ಮನೆಗೆ ಹೊತ್ತು ತಂದಿದ್ದೆ. ಮುಚ್ಚಳ ತೆಗೆದವಳು ಹೌಹಾರಿದೆ. ಒಳಗೆ ಎಂಜಿನ್ನೇ ಇರಲಿಲ್ಲ. ಪ್ಲಾಸ್ಟಿಕ್ಕಿನ ಚೌಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಪ್ರತಿ ಚೌಕಟ್ಟಿಗೂ ಬೇಳೆಯಷ್ಟು, ಕಡ್ಡಿಯಷ್ಟು, ಅಂಗಿಯ ಗುಂಡಿಯಷ್ಟು ದೊಡ್ಡ ಚೂರುಗಳು ಅಂಟಿಕೊಂಡಿದ್ದವು. ಜೊತೆಗೆ ಜಪಾನಿ ಭಾಷೆಯ ಒಂದು ಉದ್ದನೆಯ ಹಾಳೆ. ಅದರಲ್ಲಿ ನನಗೆ ಅರ್ಥವಾದದ್ದು ಚಿತ್ರಗಳು ಮತ್ತು ಅಂಕಿಗಳು ಮಾತ್ರ.

ಆ ಡಬ್ಬ ಕೊಟ್ಟವರು ನಾನು ಕೆಲಸ ಮಾಡುತ್ತಿದ್ದ ವಿಮಾ ಕಚೇರಿಯ ಸಹೋದ್ಯೋಗಿ. ಹುಬ್ಬಳ್ಳಿಗೆ ವರ್ಗವಾಗಿ ಮನೆ ಖಾಲಿ ಮಾಡುತ್ತಿದ್ದರು. "ನಿಮ್ಮ ತಂದೆ ರೈಲ್ವೇಲಿ ಇದ್ರಲ್ವಾ ಮೇಡಂ, ತಗೊಂಡ್ಹೋಗಿ" ಎಂದು ಕೊಟ್ಟರು. ಜಪಾನಿಗೆ ಹೋಗಿದ್ದ ಅವರ ತಮ್ಮ ತಂದದ್ದಂತೆ. ಯಾರೂ ಮುಟ್ಟದೆ ಅಟ್ಟದ ಮೇಲೆ ಬಿದ್ದಿತ್ತಂತೆ. ಯಾಕೆ ಮುಟ್ಟಲಿಲ್ಲ ಎಂಬುದು ಮುಚ್ಚಳ ತೆಗೆದ ಮೇಲೆ ನನಗೆ ತಿಳಿಯಿತು.

ಎರಡು ಸಾವಿರದ ದಶಕದ ನಡುವಿನ ಮಾತಿದು. ವಿಜಯನಗರದ ರಸ್ತೆಯಲ್ಲಿ ಮೆಟ್ರೊ ಕಂಬಗಳು ಇನ್ನೂ ಎದ್ದಿರಲಿಲ್ಲ. ಪಕ್ಕದ ಆರ್‌ಪಿಸಿ ಲೇಔಟಿನಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಇದ್ದೆವು. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಆಗಲೂ ಉತ್ತರ ಕೊಡುತ್ತಿರಲಿಲ್ಲ, ಈಗಲೂ ಕೊಡುವುದಿಲ್ಲ. ಅಪ್ಪ ರೈಲ್ವೆಗೆ ಫೈರ್‌ಮನ್ ಆಗಿ ಸೇರಿ, ಎಂಜಿನ್ನಿಗೆ ಕಲ್ಲಿದ್ದಲು ಎರಚಿ ಎರಚಿ, ಆಮೇಲೆ ಡ್ರೈವರ್ ಆದವರು. ಕೊನೆಯ ವರ್ಷಗಳಲ್ಲಿ ಡೀಸೆಲ್ ಎಂಜಿನ್ ಓಡಿಸಿದರೂ ಅದನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. "ಡೀಸೆಲ್ಲು ಬಸ್ಸಿದ್ದಂಗೆ. ಸ್ಟೀಮಿಗೆ ಮಾತ್ರ ಜೀವ ಇತ್ತು" ಎನ್ನುತ್ತಿದ್ದರು.

ನನ್ನ ಅಕ್ಕ ಕೆಂಗೇರಿಯಲ್ಲಿದ್ದಳು. ಆ ವರ್ಷ ಅವಳು ಒಂದು ಹೊಸ ರಾಗ ಶುರು ಮಾಡಿದ್ದಳು. ಅಪ್ಪನಿಗೆ ಮರೆವು ಬರುತ್ತಿದೆ, ಬರೀ ವಯಸ್ಸಿನ ಮರೆವಲ್ಲ, ಡಾಕ್ಟರಿಗೆ ತೋರಿಸಬೇಕು ಎಂದು. ಅವಳ ಬಳಿ ಸಾಕ್ಷಿಗಳೂ ಇದ್ದವು. ಅಪ್ಪ ಒಂದು ದಿನ ಗ್ಯಾಸ್ ಒಲೆ ತಿರುಗಿಸಿ ಕಡ್ಡಿ ಗೀರುವುದನ್ನು ಮರೆತಿದ್ದರು. ಇನ್ನೊಂದು ದಿನ ವಾಕಿಂಗ್ ಹೋದವರು ಚಂದ್ರಾ ಲೇಔಟಿನ ಯಾವುದೋ ಗೇಟಿನ ಮುಂದೆ ನಿಂತು ಒಳಗಿನವರನ್ನು ಬಾಗಿಲು ತೆಗೆಯಿರಿ ಎಂದು ಗದರಿಸಿದ್ದರು. ಪಾಪ, ಆ ಮನೆಯವರೇ ಆಟೋದಲ್ಲಿ ಕರೆತಂದು ಬಿಟ್ಟು ಹೋದರು.

"ಲೇಔಟಿನ ಮನೆಗಳೆಲ್ಲ ಒಂದೇ ಥರ ಇರ್ತವೆ ಕಣೇ. ನಂಗೂ ಕನ್‌ಫ್ಯೂಸ್ ಆಗುತ್ತೆ" ಎಂದೆ.

"ನೀನು ಆಫೀಸಿಗೆ ಹೋದ್ಮೇಲೆ ಇಡೀ ದಿನ ಒಬ್ರೇ ಇರ್ತಾರೆ. ಏನಾದ್ರೂ ಆದ್ರೆ? ನಮ್ಮನೇಲಾದ್ರೆ ಯಾರಾದ್ರೂ ಒಬ್ರು ಇದ್ದೇ ಇರ್ತೀವಿ. ಕೆಂಗೇರಿಗೆ ಕಳಿಸ್ಕೊಡು."

ನನಗೆ ರೇಗಿ ಹೋಯಿತು. ಬರುವುದು ತಿಂಗಳಿಗೊಮ್ಮೆ, ಬಂದವಳು ಮನೆಯ ಮೂಲೆ ಮೂಲೆಯಲ್ಲೂ ಅಪ್ಪನ ತಪ್ಪು ಹುಡುಕುತ್ತಾಳೆ ಎಂದು ಒಳಗೊಳಗೇ ಕುದಿದೆ. ನನ್ನ ಕೋಪದ ಅಡಿಯಲ್ಲಿದ್ದದ್ದು ಭಯ. ಡಾಕ್ಟರು ಅದಕ್ಕೊಂದು ಹೆಸರಿಟ್ಟುಬಿಟ್ಟರೆ ಅಪ್ಪ ಮನೆಯ ಯಜಮಾನರಾಗಿ ಉಳಿಯುವುದಿಲ್ಲ, ಎಲ್ಲರೂ ಮೆಲುದನಿಯಲ್ಲಿ ಮಾತಾಡುವ ರೋಗಿಯಾಗುತ್ತಾರೆ. ಕೆಂಗೇರಿಗೆ ಹೊರಟುಹೋಗುತ್ತಾರೆ. ಈ ಮನೆಯಲ್ಲಿ ಸಂಜೆ ಬೀಗ ತೆಗೆದು ಒಳಗೆ ಬರುವವಳು ನಾನೊಬ್ಬಳೇ ಆಗುತ್ತೇನೆ. ಅಪ್ಪನ ತಲೆ ನೆಟ್ಟಗಿದೆ ಎಂದು ಸಾಬೀತಾಗಲೇಬೇಕಿತ್ತು.

ಹಾಗಿರುವಾಗ ಆ ಡಬ್ಬ ಮನೆಗೆ ಬಂತು. ಚೂರುಗಳನ್ನು ನೋಡುತ್ತ ಊಟದ ಮೇಜಿನ ಮುಂದೆ ನಾನು ಪೆಚ್ಚಾಗಿ ಕೂತಿದ್ದೆ. ಅಪ್ಪ ಟೀವಿ ಬಿಟ್ಟು ಎದ್ದು ಬಂದರು. ಒಂದು ಚೌಕಟ್ಟನ್ನು ಬೆಳಕಿಗೆ ಹಿಡಿದರು. ಉಗುರಿನಷ್ಟು ಚಿಕ್ಕ ಒಂದು ಚೂರನ್ನು ತೋರಿಸಿ, "ಇದು ಕ್ರಾಸ್‌ಹೆಡ್ಡು. ಪಿಸ್ಟನ್ನು ಬಂದು ಇದನ್ನ ತಳ್ಳುತ್ತೆ, ಇದು ಹೋಗಿ ಚಕ್ರದ ರಾಡನ್ನ ತಳ್ಳುತ್ತೆ. ಸರಿಯಾಗಿ ಮಾಡಿದಾನೆ ಬಡ್ಡೀಮಗ" ಎಂದರು. ಮುಂದಿನ ಚೂರು, ಅದರ ಮುಂದಿನದು. ಬೆಳಿಗ್ಗೆ ತಿಂಡಿಗೆ ಏನು ತಿಂದೆವು ಎಂಬುದನ್ನು ಮಧ್ಯಾಹ್ನ ನನ್ನನ್ನು ಕೇಳಿದ್ದ ಮನುಷ್ಯ, ಎಂದೂ ನೋಡದ ಜಪಾನಿ ಎಂಜಿನ್ನಿನ ಕರುಳು ಪಿತ್ತಕೋಶಗಳನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆ ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು ಒಂದೇ. ಅಕ್ಕ ಬಂದು ಇದನ್ನು ನೋಡಬೇಕು.

ಅಂದಿನಿಂದ ದಿನಾ ಸಂಜೆ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಕೂರುವುದು ಅಭ್ಯಾಸವಾಯಿತು. ಚೌಕಟ್ಟಿನಿಂದ ಚೂರುಗಳನ್ನು ಬಿಡಿಸಲು ನನ್ನ ನೇಲ್ ಕಟರ್, ಉಳಿದ ಮೊನೆ ಉಜ್ಜಲು ಉಗುರಿನ ಅರ. ಅಂಟು ತರಲು ಸ್ಟೇಷನರಿ ಅಂಗಡಿಗೆ ಹೋದಾಗ ಅಂಗಡಿಯವನು ಚಪ್ಪಲಿ ಅಂಟಿಸುವ ಟ್ಯೂಬು ಕೊಟ್ಟ. ಅದು ಮೊದಲು ಅಂಟಿಸಿದ್ದು ಅಪ್ಪನ ಹೆಬ್ಬೆರಳು ಮತ್ತು ಎಂಜಿನ್ನಿನ ಚಿಮಣಿಯನ್ನು. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಅಪ್ಪ ನಗುತ್ತಿದ್ದರು. "ರಿಟೈರ್ ಆದ್ರೂ ಬಿಡಲ್ಲ ನೋಡು ಇದು" ಎಂದರು.

ಚಿತ್ರ ನೋಡಿ ಅಂಕಿ ಹುಡುಕುವುದು ನನ್ನ ಕೆಲಸ, ಜೋಡಿಸುವುದು ಅವರದು. ಅವರ ಕೈ ನಡುಗುತ್ತಿತ್ತು. ಕಾಫಿ ಲೋಟ ಹಿಡಿದರೆ ಚೆಲ್ಲುವ ಕೈ ಅದು. ಚಕ್ರಕ್ಕೆ ರಾಡು ಕೂರಿಸುವಾಗ ಮಾತ್ರ ಅದಕ್ಕೆ ಎಲ್ಲಿಂದಲೋ ಹದ ಬರುತ್ತಿತ್ತು. ಕೆಲವೊಮ್ಮೆ ಹಾಳೆಯಲ್ಲಿದ್ದದ್ದು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಜಪಾನಿಯವನು ಎಂಜಿನ್ನಿನ ಮುಂದೆ ದನ ತಳ್ಳುವ ಜಾಲರಿ ಇಟ್ಟಿರಲಿಲ್ಲ. "ಅವರ ದೇಶದಲ್ಲಿ ದನ ಅಡ್ಡ ಬರಲ್ವೇನೋ. ನಮ್ಮ ಲೈನಲ್ಲಿ ಇದಿಲ್ದೆ ಮಂಡ್ಯ ದಾಟೋಕೆ ಆಗ್ತಿರ್ಲಿಲ್ಲ" ಎಂದು, ತೆಂಗಿನ ಪೊರಕೆಯಿಂದ ಕಡ್ಡಿ ಕಿತ್ತು, ಅಳತೆಗೆ ಕತ್ತರಿಸಿ, ತಾವೇ ಒಂದು ಜಾಲರಿ ಕಟ್ಟಿ ಮುಂದಕ್ಕೆ ಅಂಟಿಸಿದರು. ನಾನು ಅದಕ್ಕೂ ಕಪ್ಪು ಬಣ್ಣ ಬಳಿದೆ. ಪೊರಕೆಯ ಕಡ್ಡಿ ಎಂದು ಯಾರೂ ಹೇಳುವಂತಿರಲಿಲ್ಲ.

ಡ್ರೈವರ್ ನಿಲ್ಲುವ ಜಾಗದಲ್ಲಿ ಕೂರಿಸಬೇಕಾದ, ಅಕ್ಕಿಕಾಳಿನಷ್ಟು ಸಣ್ಣ ಒಂದು ಚೂರಿತ್ತು. ಅದನ್ನು ಅಪ್ಪ ಬೆರಳ ತುದಿಯಲ್ಲಿ ಹಿಡಿದು ನನಗೆ ತೋರಿಸಿದರು. ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆಯಂತೆ ಅದು. ಎಂಜಿನ್ನಿನವರು ಹೆದರುತ್ತಿದ್ದದ್ದು ಕಳ್ಳರಿಗಲ್ಲ, ದೆವ್ವಗಳಿಗಲ್ಲ, ಆ ಕೊಳವೆಯಲ್ಲಿ ನೀರು ಇಳಿಯುವುದಕ್ಕೆ ಎಂದರು. ನೀರು ಇಳಿದರೆ ಬೆಂಕಿಯ ಮೇಲಿನ ಕಬ್ಬಿಣದ ತಗಡು ಮೆತ್ತಗಾಗುತ್ತದೆ, ಮೆತ್ತಗಾದರೆ ಬಾಯ್ಲರ್ ಸಿಡಿಯುತ್ತದೆ. ಸಿಡಿದರೆ ಎಂಜಿನ್ನಿನಲ್ಲಿದ್ದವರು ಸಿಕ್ಕುವುದಿಲ್ಲ. "ನಿಮಗೆ ಯಾವತ್ತಾದ್ರೂ ಹಂಗಾಗಿತ್ತಾ?" ಎಂದು ಕೇಳಿದೆ. "ಆಗಿದ್ರೆ ನೀನು ಹುಟ್ತಿರ್ಲಿಲ್ಲ" ಎಂದು ಚೂರನ್ನು ಅದರ ಜಾಗದಲ್ಲಿ ಕೂರಿಸಿದರು.

ನಾನು ಅಕ್ಕನಿಗೆ ಫೋನ್ ಮಾಡಿ ಮಾಡಿ ಹೇಳಿಕೊಂಡೆ. ಇವತ್ತು ಚಕ್ರ ಮುಗಿಯಿತು, ಇವತ್ತು ಬಾಯ್ಲರ್ ಕೂತಿತು, ಇವತ್ತು ಹಾಳೆಯಲ್ಲೇ ತಪ್ಪಿದೆ ಎಂದು ಅಪ್ಪ ಕಂಡುಹಿಡಿದರು. ಅವಳು ಎಲ್ಲವನ್ನೂ ಕೇಳಿ, "ಹಳೇದು ನೆನಪಿರುತ್ತೆ ಕಣೇ, ಹೊಸದೇ ನಿಲ್ಲಲ್ಲ ಅಂತಾರೆ" ಎಂದಳು. ಹೊಟ್ಟೆಕಿಚ್ಚಿನ ಮಾತು ಎಂದುಕೊಂಡೆ. ಒಂದು ಸಂಜೆ ಅಪ್ಪ, "ಕಲ್ಲಿದ್ದಲಿಗೆ ನೀರು ಚಿಮುಕಿಸಿದ್ಯೇನೇ? ಧೂಳು ಕಣ್ಣಿಗೆ ಬೀಳುತ್ತೆ" ಎಂದು ಕೇಳಿದಾಗ ನಾನು ನಕ್ಕು, "ಚಿಮುಕಿಸಿದೀನಿ ಡ್ರೈವರ್ ಸಾಹೇಬ್ರೇ" ಎಂದಿದ್ದೆ. ತಮಾಷೆ ಮಾಡುತ್ತಿದ್ದಾರೆ ಎಂದೇ ತಿಳಿದಿದ್ದೆ. ಅವರು ನಗಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಎಂಜಿನ್ ಮುಗಿಯಿತು. ಮೊಳದುದ್ದ, ಕಪ್ಪಗೆ, ಅಷ್ಟೂ ರಾಡುಗಳ ಸಮೇತ. ಅಮ್ಮನ ಚನ್ನಪಟ್ಟಣದ ಬೊಂಬೆಗಳನ್ನು ಪಕ್ಕಕ್ಕೆ ಸರಿಸಿ ಶೋಕೇಸಿನ ನಡುವಿನ ಹಂತದಲ್ಲಿ ಇಟ್ಟೆವು. ಬಂದವರೆಲ್ಲ ನಿಂತು ನೋಡುತ್ತಿದ್ದರು. ನಾನು ಅಕ್ಕನಿಗೆ ಫೋನ್ ಮಾಡಿ, "ಆಯುಧಪೂಜೆಗೆ ಬಾ. ಎಂಜಿನ್ ನೋಡು. ನೋಡಿದ ಮೇಲೂ ಅಪ್ಪನಿಗೆ ಮರೆವು ಅಂತ ಅನ್ನಿಸಿದ್ರೆ ಅಲ್ಲೇ ಹೇಳು, ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ" ಎಂದು ಸವಾಲು ಹಾಕಿದೆ. ಅವಳು ಬರುತ್ತೇನೆಂದಳು.

ಬಂದಳು ಕೂಡ, ಒಬ್ಬಟ್ಟಿನ ಡಬ್ಬದ ಜೊತೆ. ಆಯುಧಪೂಜೆಯ ಬೆಳಿಗ್ಗೆ ನಮ್ಮ ಬೀದಿ ಹೇಗಿರುತ್ತದೆ ಎಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಮನೆ ಮನೆ ಮುಂದೆ ಸ್ಕೂಟರು, ಕಾರು ತೊಳೆದು, ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ನನ್ನ ಸ್ಕೂಟಿಗೂ ಹಾರ ಬಿದ್ದಿತ್ತು. ಒಳಗೆ ಚಾಕು, ಕತ್ತರಿ, ಮಿಕ್ಸಿ, ಅಮ್ಮನ ಹೊಲಿಗೆ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಿದ್ದೆವು. ಅಪ್ಪ ಸ್ನಾನ ಮಾಡಿ ಇಸ್ತ್ರಿಯ ಬಿಳಿ ಪಂಚೆ ಉಟ್ಟು ಬಂದು, "ಎಂಜಿನ್ನು ಈಚೆ ತನ್ನಿ. ಅದಕ್ಕೆ ನಾನೇ ಮಾಡ್ತೀನಿ" ಎಂದರು.

ಶೋಕೇಸಿನಿಂದ ತೆಗೆದು ಟೀಪಾಯಿಯ ಮೇಲಿಟ್ಟೆ. ಅಕ್ಕ ಕೈಕಟ್ಟಿ ಗೋಡೆಗೆ ಒರಗಿ ನಿಂತಳು. ಅಪ್ಪ ಲೋಕೋ ಶೆಡ್ಡಿನ ಆಯುಧಪೂಜೆಯ ಕತೆಗಳನ್ನು ನಮಗೆ ಬಾಲ್ಯದಿಂದಲೂ ಹೇಳಿದ್ದರು. ಅಲ್ಲಿ ಎಂಜಿನ್ನುಗಳನ್ನು ಮದುವಣಗಿತ್ತಿಯಂತೆ ಸಿಂಗರಿಸುತ್ತಿದ್ದರಂತೆ. ಈಗ ಅದೇ ಕ್ರಮದಲ್ಲಿ ಮಾಡಿದರು. ಮೊದಲು ಬಟ್ಟೆಯಿಂದ ಒರೆಸಿದರು. ಬಾಯ್ಲರಿನ ಮುಖಕ್ಕೆ ವಿಭೂತಿಯ ಪಟ್ಟೆ, ನಡುವೆ ಕುಂಕುಮ. ನಾನು ಜತನದಿಂದ ಬಳಿದಿದ್ದ ಬಣ್ಣದ ಮೇಲೆ ಕುಂಕುಮ ಮೆತ್ತಿಕೊಂಡಿತು. ಎರಡೂ ಬದಿಗೆ ಮಾವಿನ ಎಲೆ, ಚಿಮಣಿಗೆ ಒಂದು ಎಳೆ ಚೆಂಡುಹೂ. ಕೈ ಒಂದಿಷ್ಟೂ ನಡುಗಲಿಲ್ಲ, ಮಂತ್ರವೂ ತಪ್ಪಲಿಲ್ಲ. ಅಕ್ಕನ ಮುಖ ಸಡಿಲವಾಗುತ್ತಿತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಸೋಲುವುದನ್ನು ನೋಡಬೇಕಿತ್ತು ನನಗೆ. ಅದಕ್ಕೇ ಅಪ್ಪನ ಕೈ ಏನು ಮಾಡುತ್ತಿದೆ ಎಂದು ನೋಡಲಿಲ್ಲ.

ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು. ಆರತಿ ತಟ್ಟೆ ಪಕ್ಕದಲ್ಲೇ ಇತ್ತು. ಅಪ್ಪ ಅದನ್ನು ಮುಟ್ಟಿರಲಿಲ್ಲ. ಕರ್ಪೂರದ ದಪ್ಪ ಬಿಲ್ಲೆಯನ್ನು ಎಂಜಿನ್ನಿನ ಮುಂಭಾಗದ ಅಡ್ಡಪಟ್ಟಿಯ ಮೇಲೇ ಇಟ್ಟು ಹಚ್ಚಿದ್ದರು. ಶೆಡ್ಡಿನಲ್ಲಿ ಹಾಗೇ ಹಚ್ಚುತ್ತಿದ್ದರಂತೆ. ಕಬ್ಬಿಣದ ಎಂಜಿನ್ನಿಗೆ ಕರ್ಪೂರದಿಂದ ಏನಾಗುತ್ತದೆ?

ನಾವಿಬ್ಬರೂ ಕೈ ಚಾಚುವಷ್ಟರಲ್ಲಿ ಅಡ್ಡಪಟ್ಟಿ ಮೇಣದಂತೆ ಬಾಗಿತು. ಪೊರಕೆ ಕಡ್ಡಿಯ ಜಾಲರಿಗೆ ಬೆಂಕಿ ಹತ್ತಿಕೊಂಡಿತು. ಬಾಯ್ಲರಿನ ಮುಖ ಒಳಗೆ ಕುಸಿಯಿತು, ಕಪ್ಪು ಮಸಿಯ ಎಳೆಗಳು ಮೇಲೆದ್ದವು, ಪ್ಲಾಸ್ಟಿಕ್ ಸುಡುವ ಕಮಟು ವಾಸನೆ ಮೂಗಿಗೆ ಬಡಿಯಿತು. ಅಷ್ಟಕ್ಕೆ ನನಗೆ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ. ನನ್ನ ಎದೆ ಒಡೆದದ್ದು ಅಪ್ಪನ ಮುಖ ನೋಡಿ. ಅಲ್ಲಿ ಅಯ್ಯೋ ತಪ್ಪಾಯಿತು ಎಂಬ ಭಾವ ಇರಲೇ ಇಲ್ಲ. ತೀರಾ ಅರ್ಥವಾಗದ ಏನನ್ನೋ ನೋಡುವವರಂತೆ ನೋಡುತ್ತಿದ್ದರು. ನನ್ನ ಕಡೆ ತಿರುಗಿ ಕೇಳಿದರು.

"ಕಬ್ಬಿಣ ಯಾಕೆ ಕರಗ್ತಾ ಇದೆ?"

ತಿಂಗಳುಗಟ್ಟಲೆ ಅದರ ಒಂದೊಂದು ಚೂರನ್ನೂ ಕೈಯಲ್ಲಿ ಹಿಡಿದಿದ್ದರು. ಉಗುರಿನ ಅರದಿಂದ ಉಜ್ಜಿದ್ದರು. ಆ ಪ್ಲಾಸ್ಟಿಕ್ಕು ಅವರ ಹೆಬ್ಬೆರಳಿಗೇ ಅಂಟಿಕೊಂಡಿತ್ತು. ಅಷ್ಟರಲ್ಲಿ ಅವರಿಗೆ ತಮ್ಮದೇ ಉತ್ತರ ಸಿಕ್ಕಿತು. ಮುಖದ ಬಣ್ಣವೇ ಇಳಿದುಹೋಯಿತು.

"ನೀರು ಕಮ್ಮಿಯಾಗಿದೆ. ತಗಡು ಮೆತ್ತಗಾಯ್ತು. ಆಚೆ ನಡೀರಿ, ಆಚೆ ನಡೀರಿ ಇಬ್ರೂ."

ನನ್ನ ಮುಂಗೈ ಒಂದು ಕೈಯಲ್ಲಿ, ಅಕ್ಕನದು ಇನ್ನೊಂದರಲ್ಲಿ. ಆ ಹಿಡಿತ ಎಪ್ಪತ್ತು ದಾಟಿದ ಮುದುಕರದ್ದಾಗಿರಲಿಲ್ಲ. ಎಳೆದುಕೊಂಡು ಬಾಗಿಲು ದಾಟಿಸಿ, ಮೆಟ್ಟಿಲಿಳಿಸಿ, ಸ್ಕೂಟಿಯನ್ನೂ ದಾಟಿಸಿ ಗೇಟಿನ ಆಚೆ ನಿಲ್ಲಿಸಿದರು. ನಮ್ಮಿಬ್ಬರನ್ನೂ ಕಾಂಪೌಂಡ್ ಗೋಡೆಯ ಮರೆಗೆ ಒತ್ತಿ, ಎರಡೂ ಕೈ ಚಾಚಿ ಅಡ್ಡ ನಿಂತರು. ಅದೇ ಗಳಿಗೆಯಲ್ಲಿ ಎದುರುಮನೆಯವರು ತಮ್ಮ ಕಾರಿಗೆ ನಿವಾಳಿಸಿದ ಬೂದುಗುಂಬಳಕಾಯಿಯನ್ನು ರಸ್ತೆಗೆ ಅಪ್ಪಳಿಸಿದರು. ಆ ಸದ್ದಿಗೆ ಅಪ್ಪ ನಮ್ಮ ತಲೆಗಳನ್ನು ತಮ್ಮ ಎದೆಗೆ ಒತ್ತಿಕೊಂಡರು.

"ಹೋಯ್ತು" ಎಂದರು.

ಅವರ ಎದೆ ನನ್ನ ಕಿವಿಗೆ ಒತ್ತಿಕೊಂಡಿತ್ತು. ಅದು ಡಬಡಬನೆ ಬಡಿದುಕೊಳ್ಳುತ್ತಿತ್ತು. ಕಲ್ಲಿದ್ದಲಿಗೆ ನೀರು ಚಿಮುಕಿಸಿದ್ದೀಯಾ ಎಂದು ಕೇಳಿದ ಸಂಜೆ ಆಗ ನೆನಪಾಯಿತು. ಅವತ್ತೂ ಅವರು ಮೇಜಿನ ಮುಂದೆ ಇರಲಿಲ್ಲ, ಎಂಜಿನ್ನಿನ ಮೇಲಿದ್ದರು. ನಾನು ಎಷ್ಟು ಸಂಜೆ ಅವರ ಪಕ್ಕದಲ್ಲಿ ಕೂತು, ಅವರು ಅಲ್ಲಿಲ್ಲ ಎಂಬುದನ್ನು ತಿಳಿಯದೆ ಖುಷಿಪಟ್ಟಿದ್ದೆನೋ.

ಅಕ್ಕ ಅವರ ತೋಳಿನ ಕೆಳಗಿನಿಂದ ನುಸುಳಿ ಒಳಗೆ ಓಡಿದಳು. ಟೀಪಾಯಿ ಉರಿಯುವ ಮೊದಲು ಯಾರಾದರೂ ಆರಿಸಬೇಕಿತ್ತಲ್ಲ. ಆಗ ಅಪ್ಪ ಕೂಗಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. "ಹೋಗ್ಬೇಡ ಮಗಳೇ, ಹಬೆಗೆ ಬೆಂದೋಗ್ತೀಯ" ಎನ್ನುತ್ತ ಅವಳ ಹಿಂದೆ ಹೊರಟರು. ನಾನು ಸೊಂಟ ಹಿಡಿದು ನಿಲ್ಲಿಸಿದೆ. ಬಿಡೇ ಬಿಡೇ ಎಂದು ಕೊಸರಾಡಿದರು. ಪಂಚೆ ಸಡಿಲವಾಯಿತು. ಎದುರುಮನೆಯವರು ಕುಂಬಳಕಾಯಿಯ ಚೂರುಗಳ ನಡುವೆ ನಿಂತು ನೋಡುತ್ತಿದ್ದರು. ಪ್ಲಾಸ್ಟಿಕ್ಕಿನ ಗೊಂಬೆಯಿಂದ ಮಗಳನ್ನು ಕಾಪಾಡಲು ಜೀವ ಕೊಡಲು ಹೊರಟ ಅಪ್ಪನನ್ನು ನಾನು ಬಲವಂತವಾಗಿ ಹಿಡಿದುಕೊಂಡಿದ್ದೆ.

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಆರಿಸಿದೆ ಅಪ್ಪ. ಏನೂ ಆಗಿಲ್ಲ." ಅಪ್ಪ ಅವಳ ಮುಖ ಮುಟ್ಟಿ, ತೋಳು ಹೊರಳಿಸಿ, ಎಲ್ಲಾದರೂ ಬೊಬ್ಬೆ ಎದ್ದಿದೆಯೇ ಎಂದು ನೋಡಿದರು. "ಒಳಗೆ ಬೇರೆ ಯಾರಾದ್ರೂ ಇದ್ರಾ?" ಎಂದು ಕೇಳಿದರು. ಇಲ್ಲ ಎಂದಳು. ಆಗ ಮೆಟ್ಟಿಲ ಮೇಲೆ ಕೂತರು. ಎದುರುಮನೆಯವರು ತಂದುಕೊಟ್ಟ ಕಡ್ಲೆಪುರಿಯನ್ನು ಮಡಿಲಲ್ಲಿಟ್ಟುಕೊಂಡು ತಿನ್ನತೊಡಗಿದರು.

ಅಕ್ಕ "ನಾನು ಹೇಳಿರ್ಲಿಲ್ವಾ" ಎನ್ನುತ್ತಾಳೆ ಎಂದು ಕಾದಿದ್ದೆ. ಅನ್ನಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅವಳೂ ತನ್ನ ಮಾತು ಸುಳ್ಳಾಗಲಿ ಎಂದೇ ಹಬ್ಬಕ್ಕೆ ಬಂದಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಇಷ್ಟು ದಿನ ಶತ್ರು ಎಂದುಕೊಂಡಿದ್ದವಳ ಜೊತೆ ಸೇರಿ ಟೀಪಾಯಿಗೆ ಹತ್ತಿದ ಮಸಿಯನ್ನು ಉಜ್ಜಿದೆ. ಎಂಜಿನ್ನಿನ ಮುಂಭಾಗ ಸುಟ್ಟ ಬದನೆಕಾಯಿಯ ಹಾಗೆ ಸುರುಟಿತ್ತು. ಹಿಂದಿನ ಚಕ್ರಗಳು, ಡ್ರೈವರ್ ನಿಲ್ಲುವ ಜಾಗ ಹಾಗೇ ಇದ್ದವು. ಎಸೆಯಲು ಮನಸ್ಸು ಬಾರದೆ ಮತ್ತೆ ಶೋಕೇಸಿನಲ್ಲಿಟ್ಟೆವು. ಅಕ್ಕ ಆ ದಿನ ಕೆಂಗೇರಿಗೆ ಹೋಗಲಿಲ್ಲ.

ಮರುದಿನ ವಿಜಯದಶಮಿ. ಬೆಳಿಗ್ಗೆ ಅಪ್ಪ ಎಂದಿನಂತೆ ಎದ್ದರು. ಹಲ್ಲುಜ್ಜಿ, ಪೇಪರು ಓದಿ, ಕಾಫಿಗೆ ಸಕ್ಕರೆ ಜಾಸ್ತಿಯಾಯಿತು ಎಂದು ಗೊಣಗಿದರು. ಕಣ್ಣು ತಿಳಿಯಾಗಿತ್ತು. ಅಕ್ಕನನ್ನು ನೋಡಿ "ಹಬ್ಬಕ್ಕೆ ಉಳ್ಕೊಂಡ್ಯಾ, ಒಳ್ಳೇದಾಯ್ತು" ಎಂದರು. ನಿನ್ನೆಯದೆಲ್ಲ ನಾನು ಕಂಡ ಕೆಟ್ಟ ಕನಸೇನೋ ಎಂದು ಒಂದು ಗಳಿಗೆ ಆಸೆಯಾಯಿತು. ಆಮೇಲೆ ಅವರು ಶೋಕೇಸಿನ ಮುಂದೆ ಹೋಗಿ ನಿಂತರು.

"ಯಾರೇ ಇದನ್ನ ಹಿಂಗೆ ಮಾಡಿದ್ದು?"

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಗಾಜು ಸರಿಸಿ ಎಂಜಿನ್ನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಸುರುಟಿದ ಮುಖದ ಮೇಲೆ ಬೆರಳಾಡಿಸಿದರು. ಅವರಿಗೆ ನಿಜವಾಗಿ ಏನೂ ನೆನಪಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಬಾಯಿಂದ ಬಂದ ಮಾತಿಗೆ ನಾನೇ ಸಿದ್ಧಳಾಗಿರಲಿಲ್ಲ.

"ನಾನೇ ಅಪ್ಪ. ಪೂಜೆ ಮಾಡುವಾಗ ಕರ್ಪೂರ ಅದರ ಮೇಲೇ ಹಚ್ಚಿಟ್ಟೆ."

ಬಯ್ಯುತ್ತಾರೆ ಎಂದುಕೊಂಡೆ. ಅವರು ಎಂಜಿನ್ನನ್ನು ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದು, ಅಕ್ಕನಿಗೆ ಕೇಳಿಸದಂತೆ ದನಿ ತಗ್ಗಿಸಿದರು.

"ಪ್ಲಾಸ್ಟಿಕ್ಕು ಕಣೇ ಅದು. ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ನಾವಿಬ್ರೂ ಸೇರಿ ಮಾಡಿದ್ದಲ್ವಾ?"

"ಮರ್ತೋಯ್ತು ಅಪ್ಪ."

"ಇಷ್ಟು ವಯಸ್ಸಿಗೆ ಇಂಥ ಮರೆವು ಬರಬಾರ್ದು" ಎಂದರು. ಅವರ ಮುಖದಲ್ಲಿ ಗಾಬರಿಯಿತ್ತು, ನನಗಾಗಿ. "ಡಾಕ್ಟರಿಗೆ ತೋರ್ಸೋಣ. ಹೆದರ್ಕೋಬೇಡ, ನಾನೂ ಬರ್ತೀನಿ ಜೊತೆಗೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಹೂಂ ಎಂದೆ. ಯಾವ ಮಾತನ್ನು ಅಕ್ಕ ಆ ವರ್ಷವೆಲ್ಲ ಹೇಳಿ ಹೇಳಿ ಸೋತಿದ್ದಳೋ, ಅಪ್ಪನಿಗೆ ಹೇಗೆ ಹೇಳುವುದು ಎಂದು ನಾವಿಬ್ಬರೂ ರಾತ್ರಿಯೆಲ್ಲ ಯೋಚಿಸಿದ್ದೆವೋ, ಅದನ್ನು ಅಪ್ಪನೇ ಹೇಳಿಬಿಟ್ಟಿದ್ದರು.

ಹಬ್ಬ ಕಳೆದ ಮೇಲೆ ರಾಜಾಜಿನಗರದ ಒಂದು ಆಸ್ಪತ್ರೆಗೆ ಹೋದೆವು. ಅಕ್ಕ ಮೊದಲೇ ಹೋಗಿ ಡಾಕ್ಟರ ಹತ್ತಿರ ಎಲ್ಲ ಹೇಳಿಟ್ಟಿದ್ದಳು. ಆಟೋ ಇಳಿದು ರಸ್ತೆ ದಾಟುವಾಗ ಅಪ್ಪ ನನ್ನ ಕೈ ಹಿಡಿದುಕೊಂಡರು. ಸ್ಕೂಲಿಗೆ ಬಿಡಲು ಬಂದಾಗ ಹಿಡಿಯುತ್ತಿದ್ದ ಹಾಗೆ ಬಿಗಿಯಾಗಿ. ಬೆಂಚಿನ ಮೇಲೆ ಕಾಯುವಾಗ ಬಾಟಲಿಯಿಂದ ನೀರು ಕುಡಿಸಿದರು. ಒಳಗೆ ಕರೆದಾಗ ತಾವೇ ಮುಂದೆ ನಡೆದು, ನನಗೆ ಕುರ್ಚಿ ಎಳೆದು ಕೊಟ್ಟು, ಡಾಕ್ಟರಿಗೆ ಕೈಮುಗಿದರು.

"ನನ್ನ ಚಿಕ್ಕ ಮಗಳು ಸಾರ್. ಸ್ವಲ್ಪ ಮರೆವು ಶುರುವಾಗಿದೆ. ತುಂಬಾ ಬುದ್ಧಿವಂತೆ. ಹೆದರಿಸ್ಬೇಡಿ, ನಿಧಾನಕ್ಕೆ ಕೇಳಿ."

ಡಾಕ್ಟರು ಯುವಕ. ನನ್ನ ಮುಖ ನೋಡಿದರು. ಕುರ್ಚಿಯನ್ನು ಸ್ವಲ್ಪವೇ ಅಪ್ಪನ ಕಡೆಗೆ ತಿರುಗಿಸಿಕೊಂಡು, ಇಬ್ಬರಿಗೂ ಸೇರಿದಂತೆ ಮೆಲ್ಲಗೆ ಕೇಳಿದರು.

"ಇವತ್ತು ಯಾವ ವಾರ?"

ಅಪ್ಪ ಬಾಯಿ ತೆರೆದರು. ಕಿಟಕಿಯ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ತೊಡೆಯ ಮೇಲಿದ್ದ ನನ್ನ ಕೈಯನ್ನು ತಟ್ಟಿದರು.

"ಹೇಳು ಪುಟ್ಟಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು, ಪರವಾಗಿಲ್ಲ. ನಾನಿದೀನಲ್ಲ."